ಹೊಟ್ಟೆಯ ಗಂಟು

ಗ್ಲಾಸಿನ ತಳದಲ್ಲಿದ್ದ ನಿಂಬೆಯ ನೊರೆಯನ್ನೂ ಚಮಚದಿಂದ ಕೆರೆದು ತಿಂದು ಉಲ್ದೆರಿಕೊ ಎದ್ದು ನಿಂತ. ಲೋರೆದಾನಾಳನ್ನು ಮದುವೆಗೆ ಕೇಳಲು ರೋಮಿನಿಂದ ವೆನಿಸಿಗೆ ಬಂದವನು, ಅವಳ ತಾಯಿ ಒರ್ಸೊಲಾ ಬಡಿಸಿದ ಮೀನು, ಏಡಿ ಯಾವುದನ್ನೂ ಬೇಡವೆನ್ನದೆ ಮುಗಿಸಿದ್ದ. ಆಮೇಲೆ ಆಕೆ ನಿಂಬೆಯ ಐಸ್‌ಕ್ರೀಮಿಗೆ ವೋಡ್ಕಾ ಮತ್ತು ನೊರೆವೈನು ಸುರಿದು, ಮಿಕ್ಸಿ ಮುಟ್ಟದೆ ಕೈಯಲ್ಲೇ ಕಡೆದು ‘ಸ್ಗ್ರೊಪಿನ್’ ಕೊಟ್ಟಿದ್ದಳು. ಅವನ ಮನೆಯಲ್ಲಿ ಇದು ಬಂತೆಂದರೆ ಊಟ ಮುಗಿಯಿತೆಂದೇ ಲೆಕ್ಕ.

“ಅಮ್ಮಾ, ಎಂಥಾ ಊಟ! ಇದರ ಮೇಲೆ ಇನ್ನೊಂದು ತುತ್ತು ತಿನ್ನೋನು ಮನುಷ್ಯನೇ ಅಲ್ಲ ಬಿಡಿ,” ಎನ್ನುತ್ತಾ ಅವನು ಕೋಟಿಗೆ ಕೈ ಹಾಕಿದ.

ಒರ್ಸೊಲಾ ಕಡೆಗೋಲನ್ನು ಎದೆಗವಚಿಕೊಂಡಳು. “ಲೋರೆದಾನಾ, ಇವನಿಗೆ ನೀನೇನೂ ಹೇಳಿಲ್ವೇನೇ? ಮೀನು ತಿಂದು ಹೊಟ್ಟೇಲಿ ಗಂಟಾಗಿರತ್ತಲ್ಲ, ಅದನ್ನ ಬಿಚ್ಚೋಕೇ ಸ್ಗ್ರೊಪಿನ್ ಕೊಡೋದು. ಇಲ್ದಿದ್ರೆ ಇದೆಲ್ಲಾ ಹೇಗೆ ಇಳಿಯತ್ತೆ?” ಎಂದು ಓವನ್ನಿನ ಬಾಗಿಲು ತೆರೆದಳು. ಒಳಗೆ ಇಡೀ ಬಾತುಕೋಳಿಯೊಂದು ಕಾಲು ಮೇಲೆತ್ತಿ ಮಲಗಿತ್ತು. ಅದರ ಹಿಂದೆ ಹಂದಿಯ ತೊಡೆಯೊಂದು ಕಾದಿತ್ತು.

“ಹೋಗೋನನ್ನ ಯಾಕೆ ತಡೀತೀಯ?” ಎಂದ ಲೋರೆದಾನಾಳ ಅಪ್ಪ ಅಲ್ವಿಸೆ, ಮುಖದಲ್ಲಿ ಆಸೆ ತುಂಬಿಕೊಂಡು. “ಹಿಂದೆ ಇವಳನ್ನ ಕೇಳೋಕೆ ಬಂದವನೂ ಇಷ್ಟೊತ್ತಿಗೇ ಎದ್ದು ಹೋಗಿದ್ದು.”

ಉಲ್ದೆರಿಕೊ ಬಾತುಕೋಳಿಯನ್ನು ನೋಡಿದ, ಲೋರೆದಾನಾಳನ್ನು ನೋಡಿದ. ಕೋಟನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿ, ಬೆಲ್ಟನ್ನು ಪೂರ್ತಿ ಬಿಚ್ಚಿ ಕುರ್ಚಿಯ ಬೆನ್ನಿಗೆ ನೇತುಹಾಕಿ ಕೂತ. ಖಾಲಿ ಗ್ಲಾಸನ್ನು ಒರ್ಸೊಲಾಳ ಕಡೆ ಚಾಚಿದ.

“ಅಮ್ಮಾ, ಇನ್ನೊಂದು ಗ್ಲಾಸ್ ಹಾಕಿ. ನನ್ನ ಗಂಟು ಸ್ವಲ್ಪ ಬಿಗಿಯಾಗಿದೆ.”

ಅಲ್ವಿಸೆ ನಿಟ್ಟುಸಿರುಬಿಟ್ಟು ಚಾಕು ಮಸೆಯತೊಡಗಿದ. “ಇನ್ನೆಲ್ಲಿ ಬಿಚ್ಚತ್ತೆ! ಇದು ನಮಗೇ ಗಂಟು ಬಿತ್ತು.”