ಹೊಳೆ ತೆರೆದ ಮೇಲೆ

ದೂಮಪ್ಪ ಇವತ್ತೂ ಬಂದು ನಿಂತಿದ್ದ.

ಮೋಹನದಾಸ ಗಾಳದ ಕೋಲನ್ನು ಬಂಡೆಯ ಮೇಲೆ ಹಾಗೆಯೇ ಬಿಟ್ಟು ಎದ್ದ. ನೂಲಿನ ತುದಿಯಲ್ಲಿ ಮೀನು ಎಳೆಯುತ್ತಿತ್ತು, ದೊಡ್ಡದೇ ಇರಬೇಕು. ಅದರ ಆಸೆ ಈಗ ಯಾರಿಗೆ ಬೇಕು? ನೇತ್ರಾವತಿಯ ದಡದಲ್ಲಿ, ಬಿಸಿಲು ಇನ್ನೂ ಇರುವಾಗಲೇ, ಮಳೆಗಾಲದಲ್ಲಿ ಹೊಳೆ ಪಾಲಾದವನು ತೆಂಗಿನ ಬುಡ ಹಿಡಿದು ನಿಂತು, "ರೈಟರೇ..." ಎಂದು ಕರೆದ.

ಸತ್ತವರ ಕುಲೆ ಕರೆದರೆ ಓಗೊಡಬಾರದು. ಓಗೊಟ್ಟವರನ್ನು ಅದು ಜೊತೆಗೇ ಕರೆದುಕೊಂಡು ಹೋಗುತ್ತದೆ. ಜೆಪ್ಪುವಿನಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಮೋಹನದಾಸ ಕಿವಿ ಮುಚ್ಚಿಕೊಂಡು ಗುಡ್ಡೆ ಹತ್ತಿದ. ಹಿಂದಿನಿಂದ ಕೆಮ್ಮು ಕೇಳಿಸಿತು.

ಇದು ಅವನೇ ತಲೆಯ ಮೇಲೆ ಎಳೆದುಕೊಂಡದ್ದು. ಬೇರೆ ಯಾರನ್ನು ದೂರುವುದು?

ಮೋಹನದಾಸ ಹಂಚಿನ ಕಾರ್ಖಾನೆಯ ರೈಟರು. ಹಗಲಿಡೀ ಮೇಜಿನ ಮುಂದೆ ಬಗ್ಗಿ ಬರೆದವನಿಗೆ ಸಂಜೆಯ ಗಾಳವೊಂದೇ ಸುಖ. ತಿನ್ನುವ ಚಪಲಕ್ಕಿಂತ ಹಿಡಿಯುವ ಹುಚ್ಚು ದೊಡ್ಡದು. ಆದರೆ ಆ ಹೊಳೆಯ ಕಟ್ಟುಪಾಡು ಮೀನುಗಾರ ಮೊಗವೀರರ ಮುಖ್ಯಸ್ಥ, ಗುರಿಕಾರ ಚೆನ್ನಪ್ಪನದು. ಮಳೆಗಾಲದಲ್ಲಿ ಯಾರೂ ಮೀನು ಹಿಡಿಯಬಾರದು. ಹೊಳೆ ತೆರೆದ ಮೇಲೂ ಮೋಜಿಗೆ ಗಾಳ ಹಾಕುವವರು ಒಂದು ಹೊತ್ತಿನ ಸಾರಿಗಾಗುವಷ್ಟೇ ಒಯ್ಯಬೇಕು. ಮೋಹನದಾಸ ಗೊಣಗುತ್ತಲೇ ಒಪ್ಪಿಕೊಂಡು ಬಂದಿದ್ದ.

ಈ ಸಲ ಸೋಣ ತಿಂಗಳು ಬಂದು ಬಿಸಿಲು ಬಿದ್ದರೂ ಹೊಳೆ ತೆರೆಯಲಿಲ್ಲ. ನೆರೆಯಲ್ಲಿ ತೇಲಿ ಬರುವ ಮರದ ದಿಮ್ಮಿ ಹಿಡಿಯಲು ಹೋದ ದೂಮಪ್ಪ ಮರಳಿರಲಿಲ್ಲ. ದೋಣಿ ಮಾತ್ರ ಅಳಿವೆಯಲ್ಲಿ ಮಗುಚಿ ಸಿಕ್ಕಿತ್ತು.

"ಹೆಣ ಸಿಗದೆ, ಬೊಜ್ಜ ಆಗದೆ ಈ ಹೊಳೆಗೆ ಬಲೆ ಇಲ್ಲ, ಗಾಳವೂ ಇಲ್ಲ," ಎಂದ ಗುರಿಕಾರ.

"ನಾನು ನಿಮ್ಮ ಕೂಟದವನಲ್ಲ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಎಂತಕ್ಕೆ ಮಾರಾಯ್ರೆ?"

"ಅವನನ್ನು ತಿಂದ ಮೀನನ್ನು ನೀವು ತಿನ್ತೀರಾ ರೈಟರೇ?"

ಬೊಜ್ಜವನ್ನಾದರೂ ಮಾಡಿ ಮುಗಿಸಬಹುದಿತ್ತು. ಉತ್ತರಕ್ರಿಯೆಗೆ ಊರೆಲ್ಲ ಸಿದ್ಧವೇ. ಒಪ್ಪದವಳು ದೂಮಪ್ಪನ ಹೆಂಡತಿ ಅಕ್ಕು ಒಬ್ಬಳು. ಹೆಣ ಕಂಡವರಿಲ್ಲದೆ ಬಳೆ ತೆಗೆಯುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. ಅತ್ತ ಹೊಳೆಯಲ್ಲಿ ಕಾಣೆ ಮೀನುಗಳು ದಡಕ್ಕೇ ಬಂದು ಬಾಲ ಬಡಿಯುತ್ತಿದ್ದವು. ಆ ಸದ್ದು ಮೋಹನದಾಸನ ಹೊಟ್ಟೆ ಉರಿಸಿತು.

ಒಂದು ಭಾನುವಾರ ಅವನು ಗುರಿಕಾರನ ಅಂಗಳಕ್ಕೆ ಹೋಗಿ, "ನಾನು ಕಂಡೆ," ಎಂದ. "ಅಳಿವೆಯ ಹತ್ತಿರ ಹೆಣ ತೇಲುತ್ತಿತ್ತು. ದೂಮಪ್ಪನೇ. ನೋಡ್ತಾ ಇದ್ದ ಹಾಗೆ ಕಡಲಿಗೆ ಹೋಯಿತು."

ಕಲಿತವರು, ಕಾರ್ಖಾನೆಯ ರೈಟರು. ಅವರಿಗೆ ಸುಳ್ಳು ಹೇಳಿ ಎಂತ ಆಗಬೇಕು? ಬೊಜ್ಜ ಆಯಿತು. ಅಕ್ಕುವಿನ ಬಳೆ ಒಡೆದರು. ಮರುದಿನ ಹೊಳೆ ತೆರೆಯಿತು.

ಅಲ್ಲಿಂದ ಶುರುವಾಯಿತು. ಮೊದಲು ದೂಮಪ್ಪ ಆಚೆ ದಡದಲ್ಲಿ ಕಂಡ. ಆಮೇಲೆ ದೋಣಿಯ ಕಡವಿನಲ್ಲಿ. ಆಮೇಲೆ ಈ ತೆಂಗಿನ ಬುಡದಲ್ಲಿ. ಕಂಡವರೆಲ್ಲ ಬಾಗಿಲು ಹಾಕಿಕೊಂಡರು, ಕೆಲವರು ಪೊರಕೆ ಎಸೆದರು. ಮೋಹನದಾಸನಿಗೆ ಅನ್ನ ಸೇರದಾಯಿತು. ಆದರೂ ಗಾಳದ ಹುಚ್ಚು ಬಿಡಲಿಲ್ಲ. ತಾನು ಹೇಳಿದ ಸುಳ್ಳೇ ಎದ್ದು ಬಂದಿದೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಇವತ್ತು ಹಾಗೆ ಕಿವಿ ಮುಚ್ಚಿಕೊಂಡು ಹತ್ತಿದವನಿಗೆ ಗುಡ್ಡೆಯ ಮೇಲೆ ಅಕ್ಕು ಎದುರಾದಳು. ಬರಿಗೈ.

"ರೈಟರೇ, ಅವರು ಮನೆಗೂ ಬರ್ತಾರೆ. ಜಗಲಿ ಹತ್ತಿರ ನಿಂತು ಹೆಸರು ಹಿಡಿದು ಕರೀತಾರೆ. ನಾನು ಓಗೊಡಲಿಲ್ಲ. ಹಿರಿಯರು ಹೇಳಿದ ಹಾಗೆ ಹೊರಗೆ ಎಲೆಯಲ್ಲಿ ಬಡಿಸಿ ಬಾಗಿಲು ಹಾಕಿದೆ. ಆಮೇಲೆ ನೋಡಿದರೆ ಎಲೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ."

"ಕಾಗೆ ತಿಂದಿರಬಹುದು."

"ಬ್ಯಾರಿ ಮುಸ್ಲಿಮರ ಹಾಗೆ ಚೌಕುಳಿ ಲುಂಗಿ ಉಟ್ಟಿದ್ದಾರೆ. ಅದು ನಮ್ಮ ಮನೆಯದ್ದಲ್ಲ. ಇಷ್ಟೆಲ್ಲ ಮಾಡಿದರೂ ಅವರಿಗೆ ದಾರಿ ಸಿಗಲಿಲ್ಲ ಅಂದರೆ ಎಂತ ತಪ್ಪಾಯಿತೋ. ನೀವು ಸರಿಯಾಗಿ ಕಂಡಿದ್ದೀರಲ್ಲ?"

ಬಾಯಿ ಬಿಡಲು ಅದೇ ಗಳಿಗೆ. ಗುರಿಕಾರನ ಮುಖ, ಕಾರ್ಖಾನೆಯವರ ನಗು ಕಣ್ಣೆದುರು ಬಂತು.

"ಕಂಡಿದ್ದೇನೆ," ಎಂದ ಮೋಹನದಾಸ.

ಅವಳು ತಲೆಯಾಡಿಸಿ ಹೋದಳು. ಬೆನ್ನು ಮುದುಕಿಯ ಬೆನ್ನಿನಂತೆ ಬಾಗಿತ್ತು. ಅದನ್ನು ನೋಡಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕುಲೆ ಕೊಂಡುಹೋಗುವುದಾದರೆ ಕೊಂಡುಹೋಗಲಿ, ಅವಳ ಗಂಡನಿಗಾದರೂ ದಾರಿ ಸಿಗಲಿ ಎಂದು ಅವನು ತಿರುಗಿ ಹೊಳೆಗೆ ಇಳಿದ.

ದೂಮಪ್ಪ ಬಂಡೆಯ ಮೇಲೆ ಕೂತು ಕಾಯುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಗುಳಿ ಬಿದ್ದಿತ್ತು. ಮೋಹನದಾಸ ಹತ್ತಿರ ಹೋಗಿ ಕೈ ಮುಗಿದು, ಊರಲ್ಲಿ ಯಾರೂ ಮಾಡದ ಕೆಲಸ ಮಾಡಿದ. ಮಾತಾಡಿದ.

"ನಿನ್ನ ಹೆಣ ನಾನು ಕಾಣಲಿಲ್ಲ ದೂಮಪ್ಪ. ಗಾಳ ಹಾಕುವ ಹುಚ್ಚಿಗೆ ಸುಳ್ಳು ಹೇಳಿದೆ. ನನ್ನನ್ನು ಎಂತ ಬೇಕಾದರೂ ಮಾಡು. ಅಕ್ಕುವನ್ನು ಕಾಡಬೇಡ."

ದೂಮಪ್ಪ ಮುಖ ಮುಚ್ಚಿಕೊಂಡು ಅತ್ತ. ಬಹಳ ಹೊತ್ತು ಕೆಮ್ಮಿದ. ಆಮೇಲೆ ಮೋಹನದಾಸನ ಕೈ ಹಿಡಿದುಕೊಂಡ. ಆ ಕೈ ಜ್ವರದಿಂದ ಸುಡುತ್ತಿತ್ತು.

"ದಿಮ್ಮಿ ಹಿಡಿದುಕೊಂಡೇ ಮಂಜೇಶ್ವರದ ಕಡಲ ಕರೆಗೆ ಬಿದ್ದಿದ್ದೆ ರೈಟರೇ, ಉಮರಬ್ಬ ಅಂತ ಒಬ್ಬರು ಎತ್ತಿ ಸಾಕಿದರು. ನೀವು ಬಂದು ಈ ಮಾತನ್ನು ಅಕ್ಕುವಿನ ಹತ್ತಿರ ಹೇಳಿ. ನಾನು ಬದುಕಿದ್ದೇನೆ ಅಂತ ನಾನೇ ಹೇಳಿದರೆ ಅವಳು ಬಾಗಿಲು ತೆಗೆಯುವುದಿಲ್ಲ."