ಒತ್ತಿ ಹಿಡಿದ ಕೈ

ಹಳೆಯ ಕಂಬಳಿಯನ್ನು ಇವತ್ತು ಬಿಸಿಲಿಗೆ ಹಾಕಿದೆ. ಕುರಿಯ ವಾಸನೆ ಬಂತು, ಅದರ ಹಿಂದೆಯೇ ನೀಲವ್ವನ ನೆನಪು.

ನನ್ನ ಎಳವೆ, ರಜಾಕಾರರ ಗಲಾಟೆಯ ಚಳಿಗಾಲ. ಅಪ್ಪ, ಅವ್ವ ಕೈಗೂಸನ್ನು ಎತ್ತಿಕೊಂಡು ಸರಹದ್ದಿನಾಚೆಯ ಶಿಬಿರಕ್ಕೆ ಹೋಗಿದ್ದರು. ಜ್ವರ ಬಂದಿದ್ದ ನನ್ನನ್ನು ಶಿರವಾಳದಲ್ಲಿ ಕುರಿ ಸಾಕುವ ನೀಲವ್ವನ ಮನೆಯಲ್ಲಿ ಬಿಟ್ಟಿದ್ದರು. ಜ್ವರ ಇಳಿದರೂ ಅವರು ಬರಲಿಲ್ಲ. ಹೊಟ್ಟೆ ತುಂಬ ರೊಟ್ಟಿ ಸಿಗುತ್ತಿತ್ತು. ಹತ್ತಿರ ಕರೆದು ಕೂಡಿಸಿಕೊಳ್ಳಲು ಮಾತ್ರ ಯಾರಿಗೂ ಪುರಸತ್ತಿರಲಿಲ್ಲ.

ಒಂದು ಮಧ್ಯಾಹ್ನ ಜೋಳದ ಸಿಹಿದಂಟು ಸುಲಿಯುವಾಗ ಸಿಪ್ಪೆ ಅಂಗೈ ಕೊಯ್ದಿತು. ಎಡಗೈ ಎಂದು ನೆನಪು ಹೇಳುತ್ತದೆ. ಕಲೆ ಇರುವುದು ಬಲಗೈಯಲ್ಲಿ. ರಕ್ತ ಮೊಣಕೈವರೆಗೆ ಇಳಿಯಿತು.

ನೀಲವ್ವನ ಅತ್ತೆ ಒಲೆಯ ಬೂದಿ ತಂದಳು.

"ಬೂದಿ ಬ್ಯಾಡ್ರಿ ಅತ್ತಿ, ಗಾಯ ಕೀವಾಗ್ತದ," ಎಂದ ನೀಲವ್ವ ಕೊಡದ ನೀರು ಸುರಿದು ತೊಳೆದಳು. ಒಗೆದ ಅರಿವೆ ಮಡಚಿ ಗಾಯದ ಮೇಲಿಟ್ಟು ಒತ್ತಿದಳು. ನನ್ನ ಕೈಯನ್ನು ತನ್ನ ಹೆಗಲೆತ್ತರಕ್ಕೆ ಹಿಡಿದು ಪಕ್ಕದಲ್ಲೇ ಕುಳಿತಳು.

"ದಂಟು ತಿನ್ನಾಕ ಬರ್ತದ, ಸುಲಿಯಾಕ ಬರಂಗಿಲ್ಲೇನ?"

ಅವಳ ಕಂಬಳಿ ಕೆನ್ನೆಗೆ ಚುಚ್ಚುತ್ತಿತ್ತು. ನಾನು ಸರಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಕೇಳಿದಳು: "ನಿಂತದೇನು?"

"ಇಲ್ಲ, ಇನ್ನಾ ಬರಾಕತ್ತದ."

ಅರಿವೆಯ ಅಂಚು ಎತ್ತಿ ನೋಡಿದಳು. ರಕ್ತ ನಿಂತಿತ್ತು. ನನ್ನ ಮುಖ ನೋಡಿದಳು.

ಹೊರಗೆ ಕುರಿಗಳು ಒದರುತ್ತಿದ್ದವು. ಅತ್ತೆ ಕೂಗಿದಳು: "ನೀಲವ್ವ, ಕುರಿಗಿ ನೀರು ಕುಡಸೂದಿಲ್ಲೇನ? ಎಷ್ಟೊತ್ತು ಕುಂದರ್ತಿ?"

ನೀಲವ್ವ ಅರಿವೆಯನ್ನು ಮತ್ತೆ ಒತ್ತಿ ಹಿಡಿದಳು.

"ತಡೀರಿ ಅತ್ತಿ. ಕೂಸಿನ ರಗತ ಇನ್ನಾ ನಿಂತಿಲ್ಲ."