ತಾಯಿ ಕಡೆಯಿಂದ ಬಂದದ್ದು

ರೇಣುಕಾಪ್ರಸಾದ್ ಅಪ್ಪನ ಹೆಸರಿನ ಮೇಲೆ ಸುಣ್ಣ ಬಳಿಯುತ್ತಿದ್ದರು.

ಆಯನೂರಿನ ರುದ್ರಭೂಮಿಯಲ್ಲಿ ಅಷ್ಟು ಬೆಳಿಗ್ಗೆ ಬೇರೆ ಯಾರೂ ಇರಲಿಲ್ಲ. ಸಮಾಧಿಯ ಗಾರೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆಸಿದ್ದ ಸಾಲುಗಳು ಒಂದೊಂದಾಗಿ ಮರೆಯಾದವು. ಮುರುಗೇಶಪ್ಪ. ಹುಟ್ಟಿದ ಇಸವಿ. ಲಿಂಗೈಕ್ಯರಾದ ಇಸವಿ. ಕಡೆಯ ಸಾಲನ್ನು ಅಮ್ಮ ಹಟ ಹಿಡಿದು ಬರೆಸಿದ್ದಳು: ಮಗಳು ಪುಷ್ಪ, ಮಗ ರೇಣುಕಾಪ್ರಸಾದ್.

ಅಳಿಸಬೇಕಾಗಿದ್ದುದು ಮಗಳ ಹೆಸರು ಮಾತ್ರ. ಅದೊಂದಕ್ಕೇ ಬಳಿದರೆ ಅನುಮಾನ ಬರುತ್ತದೆಂದು ಎಲ್ಲಕ್ಕೂ ಬಳಿದರು. ಯಾರೋ ನೋಡುತ್ತಿದ್ದಾರೆ ಎನ್ನಿಸಿ ನಡುವೆ ಹಿಂತಿರುಗಿ ನೋಡಿದರು. ಯಾರೂ ಇರಲಿಲ್ಲ. ಆದರೂ ಕಿವಿ ಬಿಸಿಯಾಯಿತು.

ಹಿಂದಿನ ವಾರ ದಾಯಾದಿ ಹಾಲೇಶ್ ಫೋನ್ ಮಾಡಿದ್ದ. "ನಿಮ್ಮಕ್ಕನ ಮಗಳಂತೆ ಮಾರಾಯ, ತನುಜಾ ಅಂತ, ಭದ್ರಾವತಿಯೋಳು. ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಸೇರ್ಕೊಂಡಿದಾಳೆ. ಸತ್ತೋರ ಪೇಪರ್ ಕಟಿಂಗ್ ಕಳಿಸಿ, ಸಮಾಧಿ ಫೋಟೋ ಕಳಿಸಿ ಅಂತಾಳೆ. ವಯಸ್ಸು ಬರೆದಿರೋದೇ ಬೇಕಂತೆ. ವಂಶವೃಕ್ಷ ಮಾಡ್ತಾಳಂತೆ."

ಜನಕ್ಕೆ ವಂಶವೃಕ್ಷ ಯಾವಾಗ ನೆನಪಾಗುತ್ತದೆಂದು ರೇಣುಕಾಪ್ರಸಾದರಿಗೆ ಗೊತ್ತಿತ್ತು. ಆಸ್ತಿಯಲ್ಲಿ ಪಾಲು ಕೇಳುವಾಗ. ಆಯನೂರಿನ ಗದ್ದೆ, ಗಾಂಧಿ ಬಜಾರಿನ ಬಟ್ಟೆ ಅಂಗಡಿ ಎರಡೂ ಅಪ್ಪನಿಂದ ಬಂದವು. ಅಕ್ಕ ಪುಷ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದ ತಮಿಳು ಹುಡುಗನನ್ನು ಮದುವೆಯಾದಾಗ ಅವಳಿಗೆ ಮನೆಯ ಬಾಗಿಲು ಮುಚ್ಚಿದ್ದು ಇವರೇ. ಆಗ ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಎಷ್ಟೋ ವರ್ಷಗಳ ನಂತರ ಒಂದು ದಿನ ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಅವಳ ಫೋಟೋ ಕಂಡಿತು. ಪತ್ರಿಕೆ ಮಡಿಸಿಟ್ಟು ಎಂದಿನಂತೆ ಅಂಗಡಿಗೆ ಹೋಗಿದ್ದರು.

ತನುಜಾಳಿಗೆ ಯಾರೂ ಏನೂ ಕಳಿಸಬಾರದೆಂದು ಹಾಲೇಶನ ಕೈಲಿ ಹೇಳಿಸಿದರು. ಗ್ರೂಪು ಗಪ್‌ಚಿಪ್ ಆಯಿತು. ಆಮೇಲೆ ಅವಳೇ ಫೋನ್ ಮಾಡಿ, ಭಾನುವಾರ ಸಮಾಧಿ ನೋಡಲು ಬರುತ್ತೇನೆಂದಳು. ಬೇಡವೆನ್ನಲು ನೆಪ ಹೊಳೆಯಲಿಲ್ಲ.

ಸುಣ್ಣ ಬಳಿದು ಮುಗಿಸಿದ ಸ್ವಲ್ಪ ಹೊತ್ತಿಗೆ ಅವಳು ಬಸ್ಸಿನಲ್ಲಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಹೆಗಲಲ್ಲಿ ಬಟ್ಟೆಯ ಚೀಲ. ಅವರು ಹಿಂದೆ ಸರಿಯುವಷ್ಟರಲ್ಲಿ "ಮಾವ" ಎಂದು ಕಾಲು ಮುಟ್ಟಿಬಿಟ್ಟಳು. ಅಕ್ಕನದೇ ಹಣೆ, ಅಕ್ಕನದೇ ಕಣ್ಣು. ರೇಣುಕಾಪ್ರಸಾದ್ ಬೇರೆಲ್ಲೋ ನೋಡಿದರು.

"ಅಜ್ಜಂದು ಇದೇನಾ? ಬರಹ ಏನೂ ಕಾಣಲ್ವಲ್ಲ?"

"ವರ್ಷಾ ವರ್ಷ ಸುಣ್ಣ ಹೊಡೀತೀವಿ. ಮುಚ್ಚಿಹೋಗಿದೆ."

ತನುಜಾ ಗಾರೆಯ ಮೇಲೆ ಬೆರಳಾಡಿಸಿದಳು. ಸುಣ್ಣ ಇನ್ನೂ ಹಸಿಯಾಗಿತ್ತು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಒಂದು ಮಾತು ಬೈದಿದ್ದರೂ ವಾಸಿ ಎನ್ನಿಸಿತು ಅವರಿಗೆ.

"ಅಮ್ಮ ತವರಿನ ಮಾತು ಎತ್ತಿದೋಳೇ ಅಲ್ಲ ಮಾವ. ಅಜ್ಜನ ಹೆಸರು ಬಿಟ್ರೆ ನಂಗೇನೂ ಗೊತ್ತಿಲ್ಲ. ಅಪ್ಪನ ಕಡೇದೆಲ್ಲ ಹುಡುಕಿ ಆಯ್ತು. ಅಲ್ಲೇನೂ ಸಿಗ್ಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ."

ಕಾರ್ಖಾನೆ ಕೂಲಿಯವನ ಕಡೆ ಏನು ತಾನೇ ಸಿಕ್ಕೀತು ಎಂದುಕೊಂಡರು ರೇಣುಕಾಪ್ರಸಾದ್.

"ಅಜ್ಜ ಯಾವಾಗ ತೀರ್ಕೊಂಡ್ರು? ವಯಸ್ಸೆಷ್ಟಾಗಿತ್ತು?"

ಇಸವಿ ತಪ್ಪು ಹೇಳಿದರೆ ಮರಣ ದಾಖಲೆ ಇವಳ ಕೈಗೆ ಸಿಗುವುದಿಲ್ಲ. "ತೊಂಬತ್ತೆಂಟನೇ ಇಸವಿ ಇರಬೇಕು. ಎಂಬತ್ತರ ಹತ್ರ ಬಂದಿತ್ತು."

"ಏನಾಗಿತ್ತು ಅವರಿಗೆ?"

"ಮುಪ್ಪು. ಇನ್ನೇನು?"

ಅವಳು ಮತ್ತೆ ಕೇಳಿದಳು. "ನಿಮ್ಗೆ ಮಕ್ಕಳು?"

ವಾರಸುದಾರರ ಲೆಕ್ಕ ಶುರುವಾಯಿತು. "ಒಬ್ನೇ ಮಗ. ವೀರೇಂದ್ರ."

"ಹುಷಾರಾಗಿದಾನಾ?"

ಬೆದರಿಕೆಯೋ ಏನೋ. ರೇಣುಕಾಪ್ರಸಾದ್ ದನಿ ಏರಿಸಿದರು. "ನನಗಿಂತ ಹುಷಾರು ಅವನು. ಅವನ ಹತ್ರ ಯಾರ ಆಟಾನೂ ನಡೆಯಲ್ಲ."

ತನುಜಾ ಅವರ ಮುಖವನ್ನೇ ನೋಡಿದಳು. ಆಮೇಲೆ ಉದ್ದನೆಯ ಉಸಿರು ಬಿಟ್ಟಳು. ಸೋತವರ ಉಸಿರಿನಂತೆ ಇರಲಿಲ್ಲ. "ಹಂಗಾದ್ರೆ ಈ ಮನೆಯಿಂದ ಬಂದಿದ್ದಲ್ಲ ಬಿಡಿ. ಇನ್ನು ನಿಮಗೆ ತೊಂದ್ರೆ ಕೊಡಲ್ಲ ಮಾವ."

ಚೀಲದಿಂದ ಬಿಲ್ವಪತ್ರೆ ತೆಗೆದು ಸಮಾಧಿಯ ಮೇಲಿಟ್ಟು ಕೈಮುಗಿದಳು. ಅಪ್ಪನ ಸಮಾಧಿಗೆ ತಾವು ಪತ್ರೆ ಇಟ್ಟದ್ದು ಯಾವಾಗ ಎಂದು ರೇಣುಕಾಪ್ರಸಾದರಿಗೆ ನೆನಪಾಗಲಿಲ್ಲ. ಗೆದ್ದಿದ್ದರು. ಆದರೂ ಸುಮ್ಮನೆ ಮನೆಗೆ ಹೋಗಲು ಕಾಲು ಬಾರದೆ ಅವಳ ಹಿಂದೆ ರಸ್ತೆಯವರೆಗೂ ನಡೆದರು. ಬಸ್ಸು ಕಾಯುವಾಗ ತಡೆಯಲಾಗಲಿಲ್ಲ.

"ಅಲ್ಲಮ್ಮಾ, ಪಾಲಿನ ಮಾತೇ ಎತ್ತಲಿಲ್ಲ ನೀನು?"

"ಎಂಥ ಪಾಲು?" ತನುಜಾಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖ ಸಣ್ಣದಾಯಿತು. "ಅಯ್ಯೋ, ಅದಕ್ಕಾ ನೀವು... ಇಲ್ಲ ಮಾವ. ಅಮ್ಮ ಒಲೆ ಮುಂದೆ ನಿಂತಿದ್ದೋಳು ಹಂಗೇ ಹೋಗಿಬಿಟ್ಳು. ಹೋದ ವರ್ಷ ತಮ್ಮ ಶಿವರಾಜ್. ಮೂವತ್ಮೂರು ವರ್ಷ. ಬೈಕು ನಿಲ್ಲಿಸಿ ಇಳಿದೋನು ಬಿದ್ದ, ಏಳಲೇ ಇಲ್ಲ. ಹೃದಯದ ಕಾಯಿಲೆ, ರಕ್ತದಲ್ಲೇ ಇಳಿದು ಬರುತ್ತೆ ಅಂದ್ರು ಡಾಕ್ಟ್ರು. ಯಾವ ಕಡೇಲಿ ಚಿಕ್ಕ ವಯಸ್ಸಿಗೇ ಸತ್ತಿದಾರೋ ತಿಳ್ಕೊಳ್ಳಿ, ಆ ಕಡೆಯೋರಿಗೆಲ್ಲ ಪರೀಕ್ಷೆ ಮಾಡಿಸಿ, ಮೊದಲೇ ಗೊತ್ತಾದ್ರೆ ಉಳಿಸಬಹುದು ಅಂದ್ರು. ನಿಮಗೆ ಹೇಳೋಣ ಅಂತ ಬಂದಿದ್ದೆ. ಅಜ್ಜ ಎಂಬತ್ತು ಮುಟ್ಟಿದ್ರು ಅಂದ್ರಲ್ಲ, ಸದ್ಯ."

ಸಾಗರದ ಕಡೆಯಿಂದ ಬಸ್ಸು ಬಂದು ನಿಂತಿತು. ರೇಣುಕಾಪ್ರಸಾದ್ ಒಂದು ಹೆಜ್ಜೆ ಮುಂದಿಟ್ಟು ನಿಂತರು. ಬಾಯಿ ಬಿಟ್ಟರೆ ಈ ಹೆಣ್ಣುಮಗಳ ಮುಂದೆ ಮಾನ ಹೋಗುತ್ತದೆ. ಅವಳು ಬಸ್ಸಿನ ಕಂಬಿ ಹಿಡಿದಳು.

"ಹತ್ತಬೇಡಮ್ಮ," ಎಂದರು. "ಅಪ್ಪ ಗದ್ದೆ ಬದುವಿನ ಮೇಲೆ ಕುಸಿದಾಗ ಅವರಿಗೆ ಮೂವತ್ತಾರು. ಹೋದ ತಿಂಗಳು ವೀರೇಂದ್ರನೂ ಅಂಗಡೀಲಿ ಹಂಗೇ ಬಿದ್ದಿದ್ದ. ಗ್ಯಾಸ್ಟ್ರಿಕ್ ಅಂದ್ಕೊಂಡು ಸುಮ್ಮನಾದ್ವಿ."